ದೊಡ್ಡಮನೆಯ ದಂತದ ಹಿಡಿ

ಕ್ಷೌರದ ಕತ್ತಿಯ ಹಿಡಿಯನ್ನು ಕೈಗೆ ಕೊಟ್ಟರೆ ಅದು ಕೊಂಬೋ, ಮೂಳೆಯೋ, ದಂತವೋ, ಆಮೆ ಚಿಪ್ಪೋ ಎಂದು ಒಂದು ಗಳಿಗೆಯಲ್ಲಿ ಹೇಳಬಲ್ಲೆ. ಒಂದು ಕಾಲಕ್ಕೆ ಕೊಳ್ಳೇಗಾಲದ ಸುತ್ತಮುತ್ತ ಯಾರ ಮನೆಯ ಹಳೆಯ ವಿಲಾಯಿತಿ ಕತ್ತಿಯ ಹಿಡಿ ಒಡೆದರೂ, ಸಡಿಲವಾದರೂ, ಹುಳು ತಿಂದರೂ ನನ್ನ ಗಂಡನ ಸಲೂನಿಗೆ ತರುತ್ತಿದ್ದರು. ಕೊಟ್ಟು ಹೋಗುತ್ತಿದ್ದದ್ದು ನನ್ನ ಗಂಡನ ಕೈಗೆ. ಪರದೆಯ ಹಿಂದೆ ಕೂತು ಸರಿಮಾಡುತ್ತಿದ್ದವಳು ನಾನು. ಪಾಪ, ಹೊಟ್ಟೆಪಾಡಿಗೆ ಇಂಥ ಕೆಲಸ ಕಲಿತಳು ಎಂದು ಬೀದಿಯ ಹೆಂಗಸರು ಮರುಗುತ್ತಿದ್ದರು. ಹೊಟ್ಟೆಪಾಡು ಹೇಗೋ ನಡೆಯುತ್ತಿತ್ತು. ನಾನು ಕಲಿತದ್ದು ಒಬ್ಬ ಮನುಷ್ಯನ ಮೇಲಿನ ಸಿಟ್ಟಿಗೆ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಆ ಮನುಷ್ಯ ನಮ್ಮೂರಿನ ದೊಡ್ಡಮನೆಯ ಯಜಮಾನ. ಅವನಿಗೆ ಬಹುವಚನ ಹಾಕಲು ಇವತ್ತಿಗೂ ನನ್ನ ಕೈ ಬರುವುದಿಲ್ಲ. ನಮ್ಮೂರು ಹನೂರಿನಿಂದ ಒಂದು ಹರದಾರಿ. ಊರಿನ ಮುಕ್ಕಾಲು ಜಮೀನು ಆ ಮನೆಯದು. ಶಿವಪೂಜೆ ಆಗದೆ ನೀರು ಮುಟ್ಟದ, ಮಾಂಸದ ಹೆಸರು ಕೇಳಿದರೆ ಬಾಯಿ ಮುಕ್ಕಳಿಸುವ ಜನ. ನಮ್ಮಪ್ಪ ಆ ಊರಿಗೆ ಕ್ಷೌರದವನು. ಬೇರೆಯವರಿಗೆಲ್ಲ ತನ್ನ ಹಡಪದ ಕತ್ತಿಯಲ್ಲೇ ಮಾಡುತ್ತಿದ್ದ. ಹಡಪವೆಂದರೆ ಕತ್ತಿ, ಕತ್ತರಿ, ಸಾಣೆಕಲ್ಲು ಇಟ್ಟುಕೊಳ್ಳುವ ತೊಗಲಿನ ಚೀಲ. ಯಜಮಾನನಿಗೆ ಮಾತ್ರ ಅವರ ಮನೆಯದೇ ಕತ್ತಿ. ಅವರಜ್ಜನಿಗೆ ಕ್ಯಾಂಪು ಬಂದಿದ್ದ ಯಾರೋ ಇಂಗ್ಲಿಷ್ ದೊರೆ ಮೆಚ್ಚಿ ಕೊಟ್ಟದ್ದಂತೆ. ಮಡಿಸಿದರೆ ಅಲಗು ಹಿಡಿಯ ಎರಡು ಹೋಳುಗಳ ನಡುವೆ ಹೋಗಿ ಮಲಗುತ್ತಿತ್ತು. ಹಿಡಿ ಹಾಲಿನ ಕೆನೆಯ ಬಣ್ಣ.

ಕ್ಷೌರಕ್ಕೆ ಕೂರುವ ಮುಂಚೆ ಯಜಮಾನ ಆ ಹಿಡಿಯನ್ನು ಅಂಗೈಗಳ ನಡುವೆ ಚೆನ್ನಾಗಿ ಉಜ್ಜಿ ಮೂಗಿಗೆ ಹಿಡಿದುಕೊಳ್ಳುತ್ತಿದ್ದ. ಆಮೇಲೆ ಜಗಲಿಯ ಮೇಲಿದ್ದವರ ಮೂಗಿಗೂ ಹಿಡಿಯುತ್ತಿದ್ದ.

"ಕರ್ಪೂರ ಬತ್ತದಾ ಇಲ್ವಾ, ಏಳ್ರಪ್ಪ. ಇದು ಬರೀ ಆನೆ ದಂತ ಅಲ್ಲ ಕಣ್ರಿ. ದೇವಸ್ಥಾನದ ಆನೇದು. ಆರತಿ ತಕಂಡು ತಕಂಡು ದಂತದೊಳಕ್ಕೇ ಕರ್ಪೂರ ಇಳಿದದೆ."

ಜಗಲಿಯವರು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅಪ್ಪನಿಗೆ ಬುತ್ತಿ ಕೊಡಲು ಹೋದಾಗ ಒಮ್ಮೆ ನಾನೂ ಮೂಸಿದ್ದೇನೆ. ಸುಳ್ಳು ಹೇಳಬಾರದು, ಕರ್ಪೂರವೇ.

ನಮ್ಮ ತಾಲ್ಲೂಕು ಕೊಯಮತ್ತೂರನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ, ಅಂದರೆ ಐವತ್ತಾರರಲ್ಲಿ, ಆ ಕತ್ತಿಯ ಮೊಳೆ ಸಡಿಲವಾಯಿತು. ನನಗೆ ಆಗ ಹದಿನಾರು. ಅಪ್ಪ ಕತ್ತಿಯನ್ನು ಮೂರು ದಿನದ ಮಟ್ಟಿಗೆ ಮನೆಗೆ ತಂದ. ಸವೆದಿದ್ದ ಹಿತ್ತಾಳೆ ಮೊಳೆ ಕಳಚಿ, ತಾಮ್ರದ ತಂತಿ ತುಂಡರಿಸಿ ಹೊಸ ಮೊಳೆ ಬಡಿದ. ಸುಮ್ಮನೆ ಕೊಟ್ಟಿದ್ದರೆ ಆಗುತ್ತಿತ್ತು. ಹಿಡಿ ಮಂಕಾಗಿದೆ ಎಂದು ಬೂದಿ ಹಾಕಿ ತಿಕ್ಕಿದ, ಹೊಳಪು ಬರಲಿ ಎಂದು ಹರಳೆಣ್ಣೆ ಸವರಿ ಬಿಸಿಲಿಗಿಟ್ಟ. ಕೊಂಬಿನ ಹಿಡಿಗಳಿಗೆ ಹಾಗೆ ಮಾಡಿ ಅವನಿಗೆ ರೂಢಿ. ಈ ಹಿಡಿಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಬೂದಿಯೂ ಎಣ್ಣೆಯೂ ಸೇರಿ ಆ ಬಿರುಕುಗಳಲ್ಲಿ ಕಪ್ಪು ಚುಕ್ಕೆಗಳಾಗಿ ಕೂತವು. ಅಪ್ಪ ಮಾಡಿದ ತಪ್ಪು ಇಷ್ಟೇ.

ನಾಲ್ಕನೆಯ ದಿನ ಯಜಮಾನ ಹಿಡಿಯನ್ನು ಎಂದಿನಂತೆ ಉಜ್ಜಿ ಮೂಸಿದ. ಮತ್ತೆ ಉಜ್ಜಿದ, ಮತ್ತೆ ಮೂಸಿದ. ಹರಳೆಣ್ಣೆ. ಬೆಳಕಿಗೆ ಹಿಡಿದು ನೋಡಿದ. ಚುಕ್ಕೆಗಳು ಕಂಡವು.

"ಇಂಗೆ ಚುಕ್ಕೆ ಚುಕ್ಕೆ ಇರದು ಮೂಳೆ ಕಣ್ಲಾ. ದನದ ಮೂಳೆ. ನಮ್ಮಜ್ಜನ ದಂತವ ಎಲ್ಲಿ ಮಾರ್ಕಂಡೆ?"

"ಬುದ್ದಿ, ಅದೇ ಹಿಡಿ ಬುದ್ದಿ. ಎಣ್ಣೆ ಸವರಿವ್ನಿ, ಅಷ್ಟೇಯ. ನನ್ನ ಮಗಳಾಣೆ."

"ಅಂಗಾರೆ ಕರ್ಪೂರ ಎಲ್ಲೋಯ್ತು? ಮೊದಲು ಅದ ಏಳು."

ಅಪ್ಪನಿಗೆ ಅದು ಗೊತ್ತಿದ್ದರೆ ತಾನೆ ಹೇಳುವುದು. ಅವತ್ತೇ ಮಧ್ಯಾಹ್ನ ಅರಳಿಕಟ್ಟೆಯಲ್ಲಿ ಹತ್ತು ಜನ ಸೇರಿದರು. ಕತ್ತಿ ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು. ಇಷ್ಟು ವರ್ಷ ಕರ್ಪೂರ ಮೂಸಿದ್ದ ಮೂಗುಗಳು, ಈಗ ಮೂಸಿ ತಲೆಯಲ್ಲಾಡಿಸಿದವು. ದಂತ ಕದ್ದದ್ದು ಒಂದು ಪಾಪ. ಲಿಂಗ ಕಟ್ಟಿದವನ ಕೆನ್ನೆಗೆ ದನದ ಮೂಳೆ ಸೋಕಿಸಿದ್ದು ಅದಕ್ಕಿಂತ ದೊಡ್ಡದು ಎಂದರು. ಊರಲ್ಲಿ ಇನ್ನು ಮುಂದೆ ಅವನಿಂದ ಯಾರೂ ಕ್ಷೌರ ಮಾಡಿಸಿಕೊಳ್ಳಕೂಡದು ಎಂದು ತೀರ್ಮಾನವಾಯಿತು. ಯಜಮಾನನಿಗೆ ಅದು ಸಾಲಲಿಲ್ಲ. "ನಿನ್ನ ಕತ್ತೀಲೇ ನಿನ್ನ ಅರ್ಧ ಮೀಸೆ ತಗಿ, ಇಲ್ಲೇ" ಎಂದ.

ಅಪ್ಪನ ಮೀಸೆ ದಪ್ಪ ಮೀಸೆ. ಊರಿಗೆಲ್ಲ ಮೀಸೆ ತಿದ್ದುವವನು ತನ್ನದನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಿರಬೇಕು, ಯೋಚಿಸಿ. ಸೋಪಿಲ್ಲ, ನೀರಿಲ್ಲ, ಹಡಪದಿಂದ ಕತ್ತಿ ತೆಗೆದು, ಕನ್ನಡಿಯನ್ನೂ ನೋಡದೆ, ಎಡಗಡೆಯ ಅರ್ಧವನ್ನು ಒಣ ಕತ್ತಿಯಲ್ಲೇ ತೆಗೆದ. ರಕ್ತ ಬಂತು. ನಾನು ಕಟ್ಟೆಯ ಆಚೆ ಬದಿಯಲ್ಲಿ ಅವ್ವನ ಪಕ್ಕ ನಿಂತಿದ್ದೆ. ಯಜಮಾನ ಕಾಲ ಮೇಲೆ ಕಾಲು ಹಾಕಿಕೊಂಡು ನೋಡುತ್ತಿದ್ದ. ಆ ಕಾಲನ್ನು, ಅದರ ಮೆಟ್ಟನ್ನು ಸಹ, ನಾನು ಮರೆತಿಲ್ಲ.

ಮನೆಗೆ ಬಂದು ಅಪ್ಪ ಉಳಿದರ್ಧವನ್ನೂ ತೆಗೆದ. "ಬುದ್ದಿಯೋರ ಬಾಯಲ್ಲೇ ನಾನು ಕಳ್ಳ ಅಲ್ಲ ಅಂತ ಬರಬೇಕು. ಅಲ್ಲೀಗಂಟ ಮೀಸೆ ಬುಡಾಕಿಲ್ಲ" ಎಂದ. ಅಷ್ಟಾದರೂ ಬುದ್ದಿಯವರಂತೆ! ಅವ್ವ ಅಳುತ್ತಿದ್ದಳು. ನನಗೆ ಅಳು ಬರಲಿಲ್ಲ. ಆ ಮುಖಕ್ಕೆ ನಿಜವಾಗಿಯೂ ದನದ ಮೂಳೆ ಉಜ್ಜಬೇಕು ಎಂದು ಮಾತ್ರ ಅನ್ನಿಸಿತು. ಹದಿನಾರು ವರ್ಷದವಳ ತಲೆಯಲ್ಲಿ ಬಂದದ್ದು, ಆದರೆ ಹೋಗಲಿಲ್ಲ.

ಕೊಳ್ಳೇಗಾಲಕ್ಕೆ ಬಂದೆವು. ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಹುಣಸೆಮರದ ಕೆಳಗೆ ಒಂದು ಪೆಟ್ಟಿಗೆ, ಒಂದು ಕನ್ನಡಿ ಇಟ್ಟುಕೊಂಡು ಕೂತ. ಮುಂದಿನ ವರ್ಷ ನನ್ನನ್ನು ಸಲೂನು ಇಟ್ಟಿದ್ದವನಿಗೆ ಕೊಟ್ಟರು. ತಿರುಗುವ ಕುರ್ಚಿಯಿದ್ದ ಅಂಗಡಿ. ಬಂದು ಕೂತ್ಕ ಮಾವ ಎಂದು ನನ್ನ ಗಂಡ ಎಷ್ಟು ಕರೆದರೂ ಅಪ್ಪ ಮರದ ಕೆಳಗಿಂದ ಏಳಲಿಲ್ಲ. ಕಳ್ಳನೆನಿಸಿಕೊಂಡವನು ಅಳಿಯನ ಅಂಗಡಿಗೆ ಕೆಟ್ಟ ಹೆಸರು ತರಬಾರದು ಎಂಬುದು ಅವನ ಹಟ. ಅವ್ವ ಮೂರು ವರ್ಷ ಕಳೆಯುವುದರೊಳಗೆ ಹೋದಳು. ಅದನ್ನೂ ನಾನು ಯಜಮಾನನ ತಲೆಗೇ ಕಟ್ಟಿದೆ. ನ್ಯಾಯವೋ ಅನ್ಯಾಯವೋ, ಕಟ್ಟಿದೆ.

ಎಳಂದೂರಿನಲ್ಲಿ ನನ್ನ ಗಂಡನ ಸೋದರತ್ತೆಯೊಬ್ಬಳಿದ್ದಳು. ಅವಳ ಗಂಡ ಎಮ್ಮೆಕೊಂಬಿನ ಬಾಚಣಿಗೆ ಮಾಡುತ್ತಿದ್ದವನು. ಅವನು ಸತ್ತ ಮೇಲೆ ಗರಗಸ, ಅರ ಎಲ್ಲ ಅವಳೇ ಹಿಡಿದಳು. ಬಾಯಿ ಮಾತ್ರ ಅರಕ್ಕಿಂತ ಒರಟು. ಮೊದಲ ಹೆರಿಗೆಯ ನಂತರ ಬಾಣಂತನಕ್ಕೆಂದು ಅವಳ ಮನೆಯಲ್ಲಿ ಉಳಿದವಳು ನಾನು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅವಳ ಕೆಲಸ ನೋಡುತ್ತಾ ಕೂರುತ್ತಿದ್ದೆ. ಮೂಳೆ ಯಾವುದು, ದಂತ ಯಾವುದು, ಹೇಗೆ ತಿಳಿಯುವುದು ಎಂದು ಪೀಡಿಸುತ್ತಿದ್ದೆ.

"ಯಾಕಮ್ಮಿ, ಆನೆ ಸಾಕ್ತೀಯಾ?" ಎಂದು ಬೈದು, ಆಮೇಲೆ ಕಲಿಸಿದಳು.

ಅವಳ ವಿದ್ಯೆಯೆಲ್ಲ ಒಂದು ಸೂಜಿಯ ತುದಿಯಲ್ಲಿತ್ತು. ಸೂಜಿಯನ್ನು ಕೆಂಡದಲ್ಲಿ ಕಾಯಿಸಿ ಹಿಡಿಯ ಒಳಬದಿಗೆ, ಯಾರಿಗೂ ಕಾಣದ ಕಡೆ, ಒಂದು ಚುಕ್ಕೆ ಮುಟ್ಟಿಸಬೇಕು. ತಲೆಕೂದಲು ಸುಟ್ಟ ವಾಸನೆ ಬಂದರೆ ಕೊಂಬು, ಇಲ್ಲವೇ ಆಮೆ ಚಿಪ್ಪು. ಬೆಳಕಿಗೆ ಹಿಡಿದರೆ ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ಕರಿಯ ಹಿಡಿಯಿಂದ ಬೆಂಕಿಕಡ್ಡಿ ಗೀರಿದ ವಾಸನೆ ಬಂದರೆ ಅದು ಗಟ್ಟಿ ರಬ್ಬರು, ಬಿಸಿಲು ಕಂಡರೆ ಹಸಿರು ತಿರುಗುವ ಜಾತಿ. ಮೂಳೆ, ದಂತ ಎರಡೂ ಸೂಜಿಗೆ ಜಗ್ಗುವುದಿಲ್ಲ, ಎರಡೂ ಕೈಗೆ ತಣ್ಣಗೆ. ಅಲ್ಲಿ ಕಣ್ಣೇ ಬೇಕು. ಮೂಳೆಯ ಮೈಮೇಲೆ ರಕ್ತ ಹರಿದ ಸಣ್ಣ ಸಣ್ಣ ತೂತುಗಳು ಚುಕ್ಕೆಗಳಾಗಿ ಕಾಣುತ್ತವೆ. ದಂತದ ಕಡಿದ ತುದಿಯಲ್ಲಿ ಗೆರೆಗಳು ಒಂದರ ಮೇಲೊಂದು ಹಾದು ಮೊರದ ಹೆಣಿಗೆಯ ಹಾಗೆ ಇರುತ್ತವೆ.

ಒಂದು ದಿನ ಅತ್ತೆ ಮುರಿದ ಬಾಚಣಿಗೆಯೊಂದನ್ನು ಕೊಟ್ಟು ಇದು ಯಾವುದು ಹೇಳು ಎಂದಳು. ಕೆನೆಯ ಬಣ್ಣ, ಹಗುರ. ಕೈಗೆ ತಣ್ಣಗೆ ತಾಗಲಿಲ್ಲ. ಕಾದ ಸೂಜಿ ಮುಟ್ಟಿಸಿದೆ. ಸೂಜಿ ಬೆಣ್ಣೆಗೆ ಹೋದ ಹಾಗೆ ಹೋಯಿತು. ಗಮ್ಮೆಂದು ಕರ್ಪೂರ.

ಸೂಜಿ ಬಿಟ್ಟು ಬಾಚಣಿಗೆಯನ್ನು ಇನ್ನೊಮ್ಮೆ ಮೂಸಿದೆ.

"ಗೊಂಬೆ ಸಾಮಾನು ಕಣಮ್ಮಿ ಅದು," ಎಂದಳು ಅತ್ತೆ. "ಅತ್ತಿಗೆ ಅದೇನೋ ನೀರು ಉಯ್ದು, ಕರ್ಪೂರ ಆಕಿ ಬೇಯಿಸ್ತಾರಂತೆ. ಗೊಂಬೆ ಮಾಡ್ತಾರೆ, ಬಾಚಣಿಗೆ ಮಾಡ್ತಾರೆ. ದಂತದ ಬಣ್ಣ ಆಕಿ ದಂತ ಅಂತ ಮಾರ್ತಾರೆ. ಉಜ್ಜುದ್ರೂ ವಾಸ್ನೆ ಬತ್ತದೆ."

"ದಂತ ಕರ್ಪೂರದ ವಾಸನೆ ಬರೋದೇ ಇಲ್ವಾ ಅತ್ತೆ?"

"ದಂತ ಯಾಕಮ್ಮಿ ಕರ್ಪೂರ ನಾರ್ತದೆ? ನಿನ್ನ ಅಲ್ಲು ನಾರ್ತದಾ?"

ನಾನು ಜೋರಾಗಿ ನಕ್ಕೆ. ಮಗು ಎಚ್ಚರಗೊಂಡು ಅಳತೊಡಗಿತು, ಆದರೂ ನಗು ನಿಲ್ಲಲಿಲ್ಲ. ದೇವಸ್ಥಾನದ ಆನೆಯಂತೆ, ಆರತಿಯಂತೆ! ದೊರೆ ಅಜ್ಜನ ತಲೆಗೆ ಗೊಂಬೆ ಸಾಮಾನು ಕಟ್ಟಿ ಹೋಗಿದ್ದ. ಮೂರು ತಲೆಮಾರು ಅದನ್ನು ಕಣ್ಣಿಗೊತ್ತಿಕೊಂಡು, ದಂತವೆಂಬುದಕ್ಕೆ ಸಾಕ್ಷಿಯಾಗಿ ಯಾವ ವಾಸನೆ ತೋರಿಸುತ್ತಿದ್ದರೋ ಅದೇ ಅದು ದಂತವಲ್ಲವೆಂಬುದಕ್ಕೆ ಸಾಕ್ಷಿ. ಹರಳೆಣ್ಣೆ ಆ ವಾಸನೆಯನ್ನು ಮುಚ್ಚಿತ್ತು, ಅಷ್ಟೇ. ಸೆಲ್ಯುಲಾಯ್ಡ್ ಎಂಬ ಅದರ ಹೆಸರು ನನಗೆ ಎಷ್ಟೋ ವರ್ಷ ತಡವಾಗಿ ತಿಳಿಯಿತು. ಅವತ್ತು ಹೆಸರು ಯಾರಿಗೆ ಬೇಕಿತ್ತು.

ಕೊಳ್ಳೇಗಾಲಕ್ಕೆ ಬಂದವಳೇ ಹುಣಸೆಮರದ ಕೆಳಗೆ ಹೋಗಿ ಅಪ್ಪನಿಗೆ ಬಾಚಣಿಗೆಯ ಚೂರು ಉಜ್ಜಿ ಮೂಸಿಸಿದೆ. ಊರಿಗೆ ಹೋಗೋಣ, ಹತ್ತು ಜನರ ಮುಂದೆ ಸೂಜಿ ಇಟ್ಟು ತೋರಿಸೋಣ ಎಂದೆ. ಅಪ್ಪ ಚೂರನ್ನು ತಿರುಗಿಸಿ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ.

"ಆಗ ಏನಂತಾರೆ ಗೊತ್ತಾ ಕೂಸು? ಮೂಳೆ ಆಕ್ಲಿಲ್ಲ, ಗೊಂಬೆ ಸಾಮಾನು ಆಕ್ದ ಅಂತಾರೆ. ದಂತ ಕದ್ದಿದ್ದು ಕದ್ದಿದ್ದೇಯ. ಸುಮ್ಕಿರು."

ಅವನ ಮಾತು ಸರಿಯಾಗಿತ್ತು, ಅದಕ್ಕೇ ನನಗೆ ಇನ್ನೂ ಉರಿಯಿತು. ಸತ್ಯ ಕೈಯಲ್ಲಿತ್ತು, ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಯಜಮಾನ ತನ್ನ ಬಾಯಲ್ಲೇ ಅದು ದಂತ, ಅದೇ ಹಿಡಿ ಎಂದು ಹೇಳುವವರೆಗೂ ಅಪ್ಪ ಕಳ್ಳನೇ.

ವರ್ಷಗಳು ಉರುಳಿದವು. ನಾನು ಪರದೆಯ ಹಿಂದೆ ಕೂತು ಹಿಡಿ ಕಟ್ಟುವುದನ್ನು ಕಲಿತೆ. ಮೊಳೆಯ ತಲೆಯನ್ನು ಅರದಲ್ಲಿ ಉಜ್ಜಿ ಹಿಡಿಗೆ ಗಾಯವಾಗದ ಹಾಗೆ ಹೊರಗೆ ತಳ್ಳುವುದು, ಸೊಟ್ಟಗಾದ ಕೊಂಬನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಹಲಗೆಗಳ ನಡುವೆ ಒತ್ತುವುದು, ಹುಳು ತಿಂದ ಗುಳಿಗೆ ಕೊಂಬಿನ ಪುಡಿಯನ್ನೂ ಅರಗನ್ನೂ ತುಂಬಿ ನಯ ಮಾಡುವುದು. ಸೆಲ್ಯುಲಾಯ್ಡ್ ಹಿಡಿ ಬಂದಾಗಲೆಲ್ಲ ಕಳಚಿ ದೂರ ಎಸೆಯುತ್ತಿದ್ದೆ. ಹಳತಾದರೆ ಅದು ಕೊಳೆತು ಅಲಗಿಗೂ ತುಕ್ಕು ಹಿಡಿಸುತ್ತದೆ. ಅದನ್ನು ಎಸೆಯುವಾಗ ನನ್ನ ಬಾಯಲ್ಲಿ ಯಾವ ಬೈಗುಳ ಬರುತ್ತಿತ್ತೆಂದು ಇಲ್ಲಿ ಬರೆಯಲಾರೆ.

ಎಪ್ಪತ್ತನೇ ಇಸವಿಯಲ್ಲಿ, ಒಂದು ಬೆಳಿಗ್ಗೆ, ಪ್ಯಾಂಟು ತೊಟ್ಟ ಹುಡುಗನೊಬ್ಬ ಸಲೂನಿಗೆ ಬಂದ. ಒಳ್ಳೆಯ ಮಾತು, ಒಳ್ಳೆಯ ನಡತೆ. ತನಗೆ ಮದುವೆ ಗೊತ್ತಾಗಿದೆ, ಮದುಮಗನ ಕ್ಷೌರ ಮುತ್ತಜ್ಜನ ಕತ್ತಿಯಲ್ಲೇ ಆಗಬೇಕೆಂಬುದು ಮನೆಯ ಪದ್ಧತಿ ಎಂದ. "ಅಲಗು ಚೆನ್ನಾಗದೆ ಸಾ. ಹಿಡಿ ಮಾತ್ರ ಮೂಳೆದು. ನಾನು ಚಿಕ್ಕೋನಿದ್ದಾಗ ಊರಿನ ಕ್ಷೌರದೋನು ದಂತದ್ದ ಕದ್ದು ಇದ ಆಕ್ಬುಟ್ಟನಂತೆ. ಅಪ್ಪಾಜಿ ಇದ ಮನೆಯೊಳಗೇ ಬುಟ್ಕಳದಿಲ್ಲ, ಕೊಟ್ಟಿಗೇಲಿ ಇತ್ತು. ದಂತದ ಹಿಡಿ ಆಕ್ಕೊಡ್ತೀರಾ?"

ಪರದೆಯ ಹಿಂದೆ ನಾನು ಅರವನ್ನು ಕೆಳಗಿಟ್ಟೆ. ಗಂಡ ಕತ್ತಿಯನ್ನು ಒಳಗೆ ತಂದು ಕೊಟ್ಟ. ಬಟ್ಟೆ ಬಿಚ್ಚಿದೆ. ಅಪ್ಪ ಬಡಿದ ತಾಮ್ರದ ಮೊಳೆ ಹಸಿರು ಕಟ್ಟಿತ್ತು. ಹಿಡಿ ಹಳದಿಯಾಗಿ, ಸೀಳು ಬಿಟ್ಟು, ಒಂದು ಮೂಲೆ ಪುಡಿಯಾಗಿತ್ತು. ಸೂಜಿ ಕಾಯಿಸಿ ಒಳಬದಿಗೆ ಮುಟ್ಟಿಸಿದೆ. ಹದಿನಾಲ್ಕು ವರ್ಷ ಕೊಟ್ಟಿಗೆಯಲ್ಲಿ ಬಿದ್ದಿದ್ದರೂ ಕರ್ಪೂರ ಎದ್ದು ಬಂತು.

ಎಂಟು ದಿನ ಬಿಟ್ಟು ಬರಲು ಹೇಳು ಎಂದು ಗಂಡನ ಕಿವಿಯಲ್ಲಿ ಹೇಳಿದೆ. ಹುಡುಗ ಹೋದ ಮೇಲೆ ವಿಷಯ ತಿಳಿದ ಗಂಡ ಹೆದರಿದ. "ದೊಡ್ಡೋರ ಉಸಾಬರಿ ನಮಗ್ಯಾಕಮ್ಮಿ. ಆಗಲ್ಲ ಅಂತ ವಾಪಸ್ ಕೊಟ್ಬುಡನ" ಎಂದ. ನಾನು ಅವನ ಮುಖ ನೋಡಿದೆ. ಅವನು ಮತ್ತೆ ಆ ಮಾತೆತ್ತಲಿಲ್ಲ.

ಹೊಲಗಳಲ್ಲಿ ಮೂಳೆ ಆಯ್ದು ಗೊಬ್ಬರದ ಕಾರ್ಖಾನೆಗೆ ಮಾರುವ ಹೆಂಗಸೊಬ್ಬಳನ್ನು ಹಿಡಿದು ಎತ್ತಿನ ಮುಂಗಾಲಿನ ಮೂಳೆ ತರಿಸಿದೆ. ಗಟ್ಟಿ ಮೂಳೆ, ತೂತು ಕಡಿಮೆ. ಬೂದಿನೀರಿನಲ್ಲಿ ಕುದಿಸಿ ಜಿಡ್ಡು ತೆಗೆದೆ, ನೆರಳಿನಲ್ಲಿ ಒಣಗಿಸಿದೆ, ಸೀಳಿ ಎರಡು ಹೋಳು ಮಾಡಿದೆ. ಹಳೆಯ ಹಿಡಿಯನ್ನು ಮೇಲಿಟ್ಟು ಅದರ ಅಂಚನ್ನೇ ಗೀರಿಕೊಂಡು ಕೂದಲೂ ಆಚೀಚೆಯಾಗದ ಹಾಗೆ ಅರ ಹೊಡೆದೆ. ತೂತುಗಳಿಗೆ ಜೇನುಮೇಣವನ್ನೂ ಸುಣ್ಣವನ್ನೂ ಕಲಸಿ ತುಂಬಿದೆ. ಟೀ ಕಷಾಯದಲ್ಲಿ ಅದ್ದಿ ಕೆನೆಯ ಬಣ್ಣ ತಂದೆ. ಹೋಳುಗಳನ್ನು ಅಷ್ಟೂ ದಿನ ಕರ್ಪೂರದ ಡಬ್ಬಿಯಲ್ಲಿಟ್ಟಿದ್ದೆ. ಅಷ್ಟು ಸಾಲದೆಂದು, ತುದಿಯಲ್ಲಿ ಹೋಳುಗಳ ನಡುವೆ ಕೂರುವ ಮರದ ಬೆಣೆಯನ್ನು ಟೊಳ್ಳು ಮಾಡಿ ಕರ್ಪೂರ ಗಿಡಿದು ಕೂರಿಸಿದೆ. ಅಪ್ಪನ ತಾಮ್ರದ ಮೊಳೆಗಳನ್ನು ಜೋಪಾನವಾಗಿ ತೆಗೆದಿಟ್ಟಿದ್ದೆ. ಅವನ್ನೇ ಮತ್ತೆ ಬಡಿದೆ. ನನ್ನ ಕೈಯಿಂದ ಅಷ್ಟು ಚೆನ್ನಾದ ಕೆಲಸ ಮುಂಚೆಯೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ಮಾಡುವಾಗ ಎಷ್ಟು ಸುಖವಿತ್ತೆಂದರೆ ಊಟದ ನೆನಪೂ ಇರಲಿಲ್ಲ. ಮಾಡದ ತಪ್ಪಿಗೆ ಅಪ್ಪನ ಮೀಸೆ ಹೋಗಿತ್ತು. ಈಗ ಆ ತಪ್ಪನ್ನು ನಾನೇ ಮಾಡುತ್ತಿದ್ದೆ, ಅದೂ ಯಜಮಾನ ಕೈಮುಗಿದು ತೆಗೆದುಕೊಳ್ಳುವ ಹಾಗೆ.

ಹುಡುಗನಿಗೆ ಹೇಳಬೇಕಾದ ಮಾತನ್ನು ಗಂಡನಿಗೆ ನಾಟಕದ ಪಾಠದ ಹಾಗೆ ಬಾಯಿಪಾಠ ಮಾಡಿಸಿದೆ. ನಾನು ಯಾರ ಮಗಳೆಂದು ಉಸಿರೆತ್ತಬಾರದು ಎಂದು ಆಣೆ ಹಾಕಿಸಿಕೊಂಡೆ. ಗೊತ್ತಾದರೆ ಕದ್ದ ದಂತವನ್ನೇ ತಂದು ಕೂರಿಸಿದರು ಎನ್ನುತ್ತಿದ್ದರು. ಹುಡುಗ ಬಂದ. ಗಂಡ ಬೆವರುತ್ತಾ ಒಪ್ಪಿಸಿದ.

"ಇದಕ್ಕೆ ಬೇರೆ ಹಿಡಿ ಬೇಕಾಗೇ ಇಲ್ಲ ಸಾ. ಇದೇ ದಂತ. ಯಾರೋ ಹರಳೆಣ್ಣೆ ಸವರಿದ್ರು, ಕೊಳೆ ಕೂತಿತ್ತು. ಬಿರುಕು ಮುಚ್ಚಿ, ಕೊಳೆ ತಗದಿವ್ನಿ. ಅದೇ ಮೊಳೆ, ಅದೇ ಹಿಡಿ. ಉಜ್ಜಿ ನೋಡಿ."

ಪರದೆಯ ಸಂದಿಯಿಂದ ನೋಡುತ್ತಿದ್ದೆ. ಹುಡುಗ ಉಜ್ಜಿದ, ಮೂಸಿದ. ಮತ್ತೆ ಮೂಸಿದ. "ಅಂಗಾರೆ ಆ ಕ್ಷೌರದೋನು..." ಎಂದು ಅರ್ಧಕ್ಕೆ ನಿಲ್ಲಿಸಿ, ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ಅವನ ಮೇಲೆ ನನಗೆ ಕೋಪವಿರಲಿಲ್ಲ. ಅವನ ಕೆನ್ನೆಗೂ ಮೂಳೆ ತಗಲುತ್ತದಲ್ಲ ಎಂದು ಒಂದು ಗಳಿಗೆ ಕಸಿವಿಸಿಯಾಯಿತು. ಒಣಗಿದ್ದರ ಜೊತೆ ಹಸಿಯೂ ಉರಿಯಲಿ ಎಂದುಕೊಂಡೆ.

ವಾರದೊಳಗೆ ಊರಿನಿಂದ ಹುಣಸೆಮರದ ಕೆಳಗೆ ಜನ ಬಂತು. ಯಜಮಾನರು ಕರೆಯುತ್ತಾರೆ, ದಂತದ ವಾಸನೆ ಹಿಂದಕ್ಕೆ ಬಂದಿದೆ, ತಪ್ಪು ತಮ್ಮದೇ ಎಂದು ಹತ್ತು ಜನರ ಮುಂದೆ ಹೇಳುತ್ತಾರಂತೆ, ಮದುವೆ ಕ್ಷೌರಕ್ಕೂ ನೀನೇ ಬರಬೇಕಂತೆ. ಅಪ್ಪ ಮನೆಗೆ ಬಂದು ನನಗೆ ಅದನ್ನು ಹೇಳಿದ. ಆ ಕತ್ತಿ ನಮ್ಮ ಅಂಗಡಿಗೆ ಬಂದದ್ದು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

"ಎಣ್ಣೆ ಆರೋಗಿರಬೇಕು ಕೂಸು. ಇಷ್ಟು ವರ್ಷಕ್ಕೆ ಎಣ್ಣೆ ಆರಿ ವಾಸ್ನೆ ಬಂದಿರಬೇಕು" ಎಂದ. ಹಡಪವನ್ನು ಒರೆಸಿದ, ಕತ್ತಿಗಳನ್ನು ಸಾಣೆ ಹಿಡಿದ. ಕನ್ನಡಿಯ ಮುಂದೆ ನಿಂತು ಮೂಗಿನ ಕೆಳಗೆ ಬೆರಳಾಡಿಸಿಕೊಂಡ.

ಬಸ್ಸಿನಲ್ಲಿ ಹನೂರಿಗೆ ಹೋಗಿ ಅಲ್ಲಿಂದ ನಡೆದೆವು. ದೊಡ್ಡಮನೆಯ ಜಗಲಿಯ ಮೇಲೆ ಹಳೆಯ ಹತ್ತು ಜನರಲ್ಲಿ ಉಳಿದಿದ್ದವರು ಕೂತಿದ್ದರು. ನಾನು ಸೆರಗು ತಲೆಗೆ ಎಳೆದುಕೊಂಡು ಅಂಗಳದಾಚೆ ಹೆಂಗಸರ ನಡುವೆ ನಿಂತೆ. ಯಜಮಾನ ಮುದುಕನಾಗಿದ್ದ. ಕೆನ್ನೆ ಜೋತಿತ್ತು. ಎಲೆಯಡಿಕೆ, ಒಂದು ಹೊಸ ಪಂಚೆ ಇಟ್ಟ ತಟ್ಟೆ ಹಿಡಿದು ಎದ್ದು ನಿಂತ.

"ನೀನು ಕದಿಲಿಲ್ಲ ಕಣಪ್ಪ. ಅದೇ ಹಿಡಿ, ಅದೇ ದಂತ. ನಾನು ತಪ್ಪು ಮಾಡ್ದೆ. ಎಲ್ರೂ ಕೇಳಿಸ್ಕಳ್ಳಿ, ನಾನೇ ತಪ್ಪು ಮಾಡ್ದೆ."

ನಾನು ಹದಿನಾಲ್ಕು ವರ್ಷ ಕಾದಿದ್ದ ಮಾತು. ಅವನು ಅದನ್ನು ಆಡುತ್ತಿರುವಾಗಲೇ ಅಂಗೈಯಲ್ಲಿ ಎತ್ತಿನ ಮೂಳೆ ಉಜ್ಜಿಕೊಳ್ಳುತ್ತಿದ್ದ. ಮೂಸಿ, ಕಣ್ಣಿಗೊತ್ತಿಕೊಂಡ. ಕೂತಿದ್ದವರೂ ಒತ್ತಿಕೊಂಡರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಪಕ್ಕದವಳು ಅಳುತ್ತಿದ್ದೇನೆಂದುಕೊಂಡು ಬೆನ್ನು ಸವರಿದಳು. ನನ್ನ ಬಾಳಿನಲ್ಲಿ ಅಷ್ಟು ಹಿಗ್ಗಿದ ಗಳಿಗೆ ಇನ್ನೊಂದಿಲ್ಲ.

ಯಜಮಾನ ಮಣೆಯ ಮೇಲೆ ಕೂತು ಕತ್ತಿಯನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ನೀರು ಹಚ್ಚಿ ಗಡ್ಡ ನೆನೆಸಿದ. ಕತ್ತಿ ಬಿಚ್ಚಿದ. ಬಿಚ್ಚಿದ ಕೈ ಅಲ್ಲೇ ನಿಂತಿತು.

ಇದೊಂದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೂಗಿಗೆ ಮೋಸ ಮಾಡಿದ್ದೆ, ಕಣ್ಣಿಗೆ ಮಾಡಿದ್ದೆ. ಇಪ್ಪತ್ತು ವರ್ಷ ಅದೇ ಕತ್ತಿ ಹಿಡಿದು ಅದೇ ಕೆನ್ನೆ ಬೋಳಿಸಿದ ಕೈಗೆ ಏನು ಮಾಡಲಿ. ಹಗುರವಾಗಿದ್ದ ಹಿಡಿ ಈಗ ಭಾರ, ಬೆಚ್ಚಗಿದ್ದದ್ದು ತಣ್ಣಗೆ. ಅಪ್ಪ ಬೆರಳಿನ ಮೇಲೆ ಕತ್ತಿಯನ್ನು ಒಮ್ಮೆ ತೂಗಿದ. ಹೆಬ್ಬೆರಳಿನಿಂದ ತನ್ನ ತಾಮ್ರದ ಮೊಳೆಯನ್ನು ಮುಟ್ಟಿದ. ಆಮೇಲೆ ತಲೆಯೆತ್ತಿ ಹೆಂಗಸರ ಗುಂಪಿನಲ್ಲಿ ನನ್ನನ್ನು ಹುಡುಕಿದ. ನಾನು ಅವನ ಕಣ್ಣಿಗೆ ಬಿದ್ದೆ. ಬಾಯಲ್ಲಿದ್ದ ಸೆರಗು ಕೆಳಗೆ ಜಾರಿತು.

ಅವನು ಕತ್ತಿಯನ್ನು ಮಡಿಸಿ ಎಲೆಯಡಿಕೆಯ ತಟ್ಟೆಯಲ್ಲಿಟ್ಟ. ಹಡಪ ಬಿಚ್ಚಿ ತನ್ನ ಕೊಂಬಿನ ಹಿಡಿಯ ಕತ್ತಿ ತೆಗೆದ.

"ನಿಮ್ಮ ದಂತ ನಿಮ್ಮತ್ರನೇ ಇರ್ಲಿ ಬುದ್ದಿ. ನಾನು ಅದ ಮುಟ್ಟಾಕಿಲ್ಲ."

"ನೋಡ್ರಪ್ಪ ಮಾನವಂತನ್ನ," ಎಂದ ಯಜಮಾನ, ಕಣ್ಣು ಒರೆಸಿಕೊಳ್ಳುತ್ತಾ. ಅಪ್ಪ ಒಂದು ಕೂದಲು ಬಿಡದ ಹಾಗೆ ಕ್ಷೌರ ಮುಗಿಸಿದ. ಮದುವೆಗೆ ಬರಲಾಗುವುದಿಲ್ಲ ಎಂದು ಕೈಮುಗಿದ. ಪಂಚೆಯನ್ನು ತಟ್ಟೆಯಲ್ಲೇ ಬಿಟ್ಟ.

ಹನೂರಿನ ದಾರಿಯಲ್ಲಿ ಅವನು ಮುಂದೆ, ನಾನು ಹಿಂದೆ. ಅರ್ಧ ದಾರಿ ಸವೆದ ಮೇಲೆ ನನಗೇ ತಡೆಯಲಾಗಲಿಲ್ಲ. "ಅವನ ಬಾಯಲ್ಲೇ ಬಂತಲ್ಲಪ್ಪ, ಎಲ್ಲರ ಮುಂದೆ. ನಿಜ ಹೇಳಿದ್ರೆ ಬರ್ತಿತ್ತಾ? ನೀನೇ ಅಂದಿದ್ದೆ" ಎಂದೆ.

ಅಪ್ಪ ನಿಂತ.

"ಇಷ್ಟು ವರ್ಷ ಅವ್ರು ಮೂಳೆ ಮೂಳೆ ಅಂದ್ರು. ನಾನು ಅಲ್ಲ ಅಂದೆ. ಯಾರು ನಂಬ್ದಿದ್ರೂ ಅದು ನಿಜ ಆಗಿತ್ತು ಕಣವ್ವ. ಇವತ್ತು ಅವ್ರು ದಂತ ಅಂದ್ರು. ನಾನು ಬಾಯಿ ಮುಚ್ಕಂಡಿದ್ದೆ. ಈಗ ಕಳ್ಳ ಆದೆ."

ನಾನು ಏನೋ ಹೇಳಲು ಹೋದೆ. ಅವನು ಕೈಯೆತ್ತಿ ಸಾಕು ಎಂದ. ಬಸ್ಸಿನಲ್ಲಿ ಗಂಡಸರ ಕಡೆ ಹೋಗಿ ಕೂತ.

ಆ ಮದುವೆಯ ಕ್ಷೌರ ಆ ಕತ್ತಿಯಲ್ಲೇ ಆಯಿತಂತೆ. ಯಜಮಾನ ಸಾಯುವವರೆಗೂ ವಾರಕ್ಕೊಮ್ಮೆ ಆ ಮೂಳೆಯನ್ನು ಉಜ್ಜಿ ಮೂಸುತ್ತಿದ್ದನಂತೆ. ಅದರ ಬಗ್ಗೆ ನನಗೆ ಇವತ್ತಿಗೂ ಒಂದು ಚೂರು ಪಶ್ಚಾತ್ತಾಪವಿಲ್ಲ, ದೇವರು ಕೇಳಿದರೂ ಇದನ್ನೇ ಹೇಳುತ್ತೇನೆ. ಅಪ್ಪ ನನ್ನ ಜೊತೆ ಮಾತು ಬಿಡಲಿಲ್ಲ, ಹಬ್ಬಕ್ಕೆ ಬರುತ್ತಿದ್ದ, ಮೊಮ್ಮಕ್ಕಳ ತಲೆಗೂದಲು ಕತ್ತರಿಸುತ್ತಿದ್ದ. ಮೀಸೆ ಮಾತ್ರ ಮತ್ತೆ ಬೆಳೆಸಲಿಲ್ಲ. ಎರಡು ವರ್ಷದ ಮೇಲೆ ಅವನ ಕೊಂಬಿನ ಹಿಡಿಯ ಮೊಳೆ ಸವೆದು ಕತ್ತಿ ಅಲ್ಲಾಡತೊಡಗಿತು. ಕೊಡಪ್ಪ, ಒಂದು ಗಳಿಗೆಯ ಕೆಲಸ ಎಂದು ಕೈಚಾಚಿದೆ. ಪರವಾಗಿಲ್ಲ ಎಂದು, ಹಿಡಿಗೆ ದಾರ ಸುತ್ತಿಕೊಂಡು ಅದರಲ್ಲೇ ಕೊನೆಯವರೆಗೆ ಕೆಲಸ ಮಾಡಿದ.